ಮಳೆ ತಡವಾಯಿತು, ಯಾವ ರಾಗಿ ಬಿತ್ತೋಣ?

'ಜುಲೈ ಮುಗಿಯುತ್ತಾ ಬಂತು, ಇನ್ನೂ ಹದ ಮಳೆಯಾಗಿಲ್ಲ. ಈಗ ರಾಗಿ ಬಿತ್ತಿದರೆ ಕೈಗೆ ಹತ್ತುತ್ತದೆಯೇ?' ತುಮಕೂರು, ಕೋಲಾರ, ರಾಮನಗರದ ಕಡೆ ಖುಷ್ಕಿ ಜಮೀನಿರುವ ಮನೆಗಳಲ್ಲಿ ಆಗಾಗ ಕೇಳಿಬರುವ ಮಾತಿದು. ಮನೆಮಂದಿಯ ವರ್ಷದ ಹಿಟ್ಟು ಆ ಒಂದು ಬಿತ್ತನೆಯ ಮೇಲೆ ನಿಂತಿರುತ್ತದೆ. ಇದಕ್ಕೆ ಉತ್ತರ ಹುಡುಕಲು ಶಾಲೆಯಲ್ಲಿ ಓದುವ ಮೆಂಡೆಲ್‌ನ ನಿಯಮ ನೆರವಾಗಿದೆ ಎಂದರೆ ವಿದ್ಯಾರ್ಥಿಗಳಿಗೆ ಅಚ್ಚರಿಯಾಗಬಹುದು.

ರಾಗಿಯ ಹೂವು ಬಹಳ ಸಣ್ಣದು. ಪರಾಗಸ್ಪರ್ಶವೂ ಬಹುಮಟ್ಟಿಗೆ ಹೂವಿನೊಳಗೇ ಮುಗಿದುಹೋಗುತ್ತದೆ. ಹೀಗಾಗಿ ಎರಡು ತಳಿಗಳನ್ನು ಕೂಡಿಸುವುದು ಕಷ್ಟದ ಕೆಲಸ. ಇದಕ್ಕೆ ವಿಜ್ಞಾನಿಗಳು ಒಂದು ಉಪಾಯ ಕಂಡುಕೊಂಡರು. ಹೂ ಬಿಡುವ ಹೊತ್ತಿಗೆ ಎರಡು ತಳಿಗಳ ತೆನೆಗಳನ್ನು ಒಟ್ಟಿಗೆ ಕಟ್ಟುವುದು. ಆಗ ಅಲ್ಲೊಂದು ಇಲ್ಲೊಂದು ಹೂವಿಗೆ ಇನ್ನೊಂದರ ಪರಾಗ ತಗಲುತ್ತದೆ. ಆದರೆ ಅಷ್ಟು ಕಾಳುಗಳಲ್ಲಿ ಮಿಶ್ರತಳಿ ಯಾವುದು? ತಾಯಿ ಗಿಡ ಪೂರ್ತಿ ಹಸಿರಾಗಿದ್ದು, ತಂದೆ ಗಿಡದಲ್ಲಿ ನೇರಳೆ ಛಾಯೆ ಇದ್ದರೆ ಪತ್ತೆ ಸುಲಭ. ನೇರಳೆ ಪ್ರಬಲ ಗುಣವಾದ್ದರಿಂದ, ಹಸಿರು ತಾಯಿಯ ಕಾಳಿನಿಂದ ಬಂದ ಸಸಿಯಲ್ಲಿ ನೇರಳೆ ಕಂಡರೆ ಅದೇ ಮಿಶ್ರತಳಿ!

ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಯೊಂದಿಗೆ ಆಫ್ರಿಕದ ರಾಗಿಯನ್ನು ಕೂಡಿಸಿದರು. ಇಂಡಿಯಾ ಮತ್ತು ಆಫ್ರಿಕಾ ಹೆಸರುಗಳು ಸೇರಿ ಅದು 'ಇಂಡಾಫ್' ಆಯಿತು. 1970ರ ದಶಕದಿಂದ ಈ ತಳಿಗಳು ಹೊಲಗಳಿಗೆ ಬಂದು ಇಳುವರಿ ಹೆಚ್ಚಿಸಿದವು. ಜನ ಅವರನ್ನು 'ರಾಗಿ ಲಕ್ಷ್ಮಣಯ್ಯ' ಎಂದೇ ಕರೆದರು.

ಆದರೆ ಒಳ್ಳೆಯ ಬೀಜ ಸಿಕ್ಕರೆ ಸಾಲದು, ಅದರ ಅವಧಿಯನ್ನು ಮಳೆಗೆ ಹೊಂದಿಸಬೇಕು. ನಾಲ್ಕು ತಿಂಗಳು ಬೇಕಾದ ತಳಿಯನ್ನು ಆಗಸ್ಟ್ ಕೊನೆಗೆ ಬಿತ್ತಿದರೆ, ಕಾಳು ಕಟ್ಟುವ ಹೊತ್ತಿಗೆ ನೆಲ ಒಣಗಿರುತ್ತದೆ. ಜೂನ್-ಜುಲೈನಲ್ಲಿ ಮಳೆ ಬಿದ್ದರೆ ಎಂಆರ್-1ರಂಥ ದೀರ್ಘಾವಧಿ ತಳಿ, ಸ್ವಲ್ಪ ತಡವಾದರೆ ಬೆಂಕಿ ರೋಗ ತಡೆಯುವ ಮಧ್ಯಮಾವಧಿಯ ಜಿಪಿಯು-28, ಇನ್ನೂ ತಡವಾದರೆ ಸುಮಾರು ನೂರು ದಿನಗಳಲ್ಲಿ ಕೊಯ್ಲಿಗೆ ಬರುವ ಇಂಡಾಫ್-9 ಅಥವಾ ಜಿಪಿಯು-48 ಸೂಕ್ತ.

ಗೊಬ್ಬರದಲ್ಲೂ ಲೆಕ್ಕ ಬೇಕು. ಪಕ್ಕದ ಹೊಲದವರು ಹಾಕಿದರೆಂದು ಎರಡು ಹಿಡಿ ಯೂರಿಯಾ ಹೆಚ್ಚು ಎರಚಿದರೆ ಪೈರು ಸೊಕ್ಕಿ ಬೆಳೆದು ನೆಲಕ್ಕೊರಗುತ್ತದೆ, ಬೆಂಕಿ ರೋಗಕ್ಕೂ ದಾರಿಯಾಗುತ್ತದೆ. ಮಣ್ಣು ಪರೀಕ್ಷೆ ಮಾಡಿಸಿದರೆ ಈ ಖರ್ಚು ಉಳಿದೀತು. ಹಿರಿಯರು ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ ಹಾಕುತ್ತಿದ್ದುದೂ ಸುಮ್ಮನಲ್ಲ. ಅವುಗಳ ಬೇರುಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದಿಡುತ್ತವೆ. ರಾಗಿ ಕೈಕೊಟ್ಟರೂ ಸಾರಿಗೆ ಕಾಳು ಸಿಗುತ್ತದೆ.

ವಿದ್ಯಾರ್ಥಿಗಳೇ, ಈ ಬಾರಿ ಒಂದು ನೋಟ್‌ಬುಕ್ ಇಡಿ. ಮಳೆ ಬಿದ್ದ ದಿನ, ಬಿತ್ತಿದ ದಿನ, ತಳಿಯ ಹೆಸರು, ತೆನೆ ಮೂಡಿದ ದಿನ, ಸಿಕ್ಕ ಇಳುವರಿ ಬರೆಯಿರಿ. ಪೋಷಕರೇ, ಮುಂದಿನ ವರ್ಷ ಬೀಜ ತರುವ ಮುನ್ನ ಮಕ್ಕಳ ಆ ನೋಟ್‌ಬುಕ್ಕನ್ನು ಒಮ್ಮೆ ತೆರೆದು ನೋಡಿ.