ಒಂದೇ ಗಣಕ, ಎರಡು ವ್ಯವಸ್ಥೆ: ಬೋಧನಾಭ್ಯಾಸಕ್ಕೆ ಮುನ್ನ ಕಲಿಯೋಣ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆಯ ಶಾಲೆಗಳಿಗೆ ಬೋಧನಾಭ್ಯಾಸಕ್ಕೆ ಹೋಗುವ ನಾವು ಪಾಠ ಸಿದ್ಧಪಡಿಸುವುದು ಹೆಚ್ಚಾಗಿ ವಿಂಡೋಸ್‌ನಲ್ಲಿ. ಶಾಲೆಯ ಗಣಕದಲ್ಲಿ ಉಬುಂಟು ಮಾತ್ರ ಇದ್ದರೆ, ನುಡಿಯ ಹಳೆಯ ಅಕ್ಷರಶೈಲಿಯಲ್ಲಿ ಬರೆದದ್ದು ಅರ್ಥವಿಲ್ಲದ ಚಿಹ್ನೆಗಳಾಗುತ್ತದೆ. 40 ನಿಮಿಷದ ಅವಧಿ ಹಾಗೆಯೇ ಕಳೆಯುತ್ತದೆ.

ಒಂದನ್ನು ಅಳಿಸಿ ಇನ್ನೊಂದನ್ನು ಹಾಕುವುದು ಪರಿಹಾರವಲ್ಲ. ಹಳೆಯ ಕಡತಗಳಿಗೆ ವಿಂಡೋಸ್ ಬೇಕು. ಆದರೆ ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅನೇಕ ಹಳೆಯ ಯಂತ್ರಗಳು ವಿಂಡೋಸ್ 11ಕ್ಕೆ ಅರ್ಹವಲ್ಲ. ಉಬುಂಟು ಉಚಿತ, ಅದರಲ್ಲಿ ಜಿಯೋಜಿಬ್ರಾ ಕೂಡ ನಡೆಯುತ್ತದೆ. ಎರಡೂ ಇರಲಿ.

ಕ್ರಮ ಇಷ್ಟೆ: ಕಡತಗಳ ಪ್ರತಿ ತೆಗೆದಿಡಿ, ವಿಂಡೋಸ್‌ನ ವಿಭಾಗವನ್ನು ಕಿರಿದಾಗಿಸಿ, ಖಾಲಿಯಾದ ಜಾಗದಲ್ಲಿ ಉಬುಂಟು ಹಾಕಿ. ಮುಂದೆ ಗಣಕ ಆನ್ ಮಾಡಿದಾಗ ‘ಗ್ರಬ್’ ಪಟ್ಟಿಯಲ್ಲಿ ಬೇಕಾದುದನ್ನು ಆರಿಸಬಹುದು. ವಿಂಡೋಸ್ ಗಡಿಯಾರ ಐದೂವರೆ ಗಂಟೆ ಹಿಂದೆ ಬಿದ್ದರೆ ಗಾಬರಿ ಬೇಡ. ಉಬುಂಟು ಗಣಕದೊಳಗಿನ ಗಡಿಯಾರವನ್ನು ಜಾಗತಿಕ ಸಮಯಕ್ಕೆ ಇಡುತ್ತದೆ, ವಿಂಡೋಸ್ ಅದನ್ನೇ ಸ್ಥಳೀಯ ಸಮಯವೆಂದು ಓದುತ್ತದೆ.

ಶಿಕ್ಷಕರು ಮೆಕ್ಯಾನಿಕ್‌ಗಳೇ ಎಂದು ಕೇಳಬಹುದು. ಅಲ್ಲ. ಆದರೆ ವಿಜ್ಞಾನ ಶಿಕ್ಷಕರು ಪ್ರಯೋಗದ ಉಪಕರಣವನ್ನು ತಾವೇ ಜೋಡಿಸಿಕೊಳ್ಳುತ್ತಾರೆ. ಗಣಕವೂ ಈಗ ಅಂಥದೇ ಉಪಕರಣ. ಐಸಿಟಿ ಪ್ರಾಯೋಗಿಕದಲ್ಲಿ ಸ್ಲೈಡ್ ತಯಾರಿಕೆಯ ಜೊತೆಗೆ ಇದಕ್ಕೂ ಒಂದು ದಿನ ಕೊಡಬೇಕೆಂದು ನಮ್ಮ ಉಪನ್ಯಾಸಕರಲ್ಲಿ ವಿನಂತಿ.