ಯಂತ್ರದ ಕ್ಷೇಮಸಮಾಚಾರ

ವೈದ್ಯನು ನಾಡಿಯನ್ನು ಹಿಡಿದು ದೇಹದ ಸ್ಥಿತಿಯನ್ನು ಅರಿಯುವನು. ಗಣಕಯಂತ್ರಕ್ಕೂ ಅಂಥದೊಂದು ನಾಡಿಯುಂಟು. ಪ್ರಾಸೆಸರಿನ ಮೇಲಿನ ಹೊರೆ, ಮೆಮೊರಿಯ ಬಳಕೆ, ಡಿಸ್ಕಿನಲ್ಲಿ ಉಳಿದಿರುವ ಸ್ಥಳ, ಒಡಲಿನ ಉಷ್ಣತೆ ಇವೇ ಅದರ ಮಿಡಿತಗಳು. ಇಂದು ಎಷ್ಟೋ ಯಂತ್ರಗಳು ತೆರೆಯಾಗಲಿ ಕೀಲಿಮಣೆಯಾಗಲಿ ಇಲ್ಲದೆ, ಮುಚ್ಚಿದ ಕೋಣೆಯ ಮೂಲೆಯಲ್ಲಿ ಹಗಲಿರುಳು ದುಡಿಯುತ್ತಿವೆ. ಈ ಮೂಕ ಕಾಯಕದ ಯಂತ್ರಗಳ ಕ್ಷೇಮವನ್ನು ವಿಚಾರಿಸುವವರಾರು?

ಇದಕ್ಕೆ ಉತ್ತರವು ಮನೆಯಲ್ಲಿಯೇ ದೊರೆತಿದೆ. 2013ರಲ್ಲಿ ಪೌಲಸ್ ಸ್ಕೌಟ್ಸನ್ ಅವರು ಆರಂಭಿಸಿದ 'ಹೋಮ್ ಅಸಿಸ್ಟೆಂಟ್' ಎಂಬ ಮುಕ್ತ ತಂತ್ರಾಂಶವು ಮನೆಯ ದೀಪ, ಬಾಗಿಲು, ಪಂಪುಗಳನ್ನು ಒಂದೇ ಫಲಕದಿಂದ ನಡೆಸಬಲ್ಲದು. ದೂರದ ಗಣಕದಲ್ಲಿ 'ಗ್ಲಾನ್ಸಸ್' ಎಂಬ ತಂತ್ರಾಂಶವನ್ನು ನೆಲೆಗೊಳಿಸಿದರೆ, ಹೋಮ್ ಅಸಿಸ್ಟೆಂಟ್ ಅದನ್ನು ನಿಯತಕಾಲದಲ್ಲಿ ವಿಚಾರಿಸಿ, ಬಂದ ಅಂಕೆಗಳನ್ನು ಅದೇ ಫಲಕದ ಮೇಲೆ ತೋರುವುದು. ಅಂಕೆಯು ಮಿತಿಯನ್ನು ಮೀರಿದರೆ ಯಜಮಾನನ ಮೊಬೈಲಿಗೆ ಸಂದೇಶವನ್ನೂ ಕಳುಹುವುದು.

ಸೌಕರ್ಯವು ಸ್ತುತ್ಯವೇ ಸರಿ. ಆದರೆ ಅಂಕೆಯೇ ಅರಿವಲ್ಲ. ಪ್ರಾಸೆಸರಿನ ಹೊರೆ ಕ್ಷಣಕಾಲ ನೂರಕ್ಕೆ ನೂರಾದರೆ ಅದು ರೋಗವಲ್ಲ, ದುಡಿಮೆ. ಲಿನಕ್ಸ್ ವ್ಯವಸ್ಥೆಯು ಬರಿದಾಗಿರುವ ಮೆಮೊರಿಯನ್ನು ಕಡತಗಳ ತಾತ್ಕಾಲಿಕ ಸಂಗ್ರಹಕ್ಕೆ ಬಳಸಿಕೊಳ್ಳುತ್ತದೆ. ಇದನ್ನರಿಯದವನು ಬರಿದು ಮೆಮೊರಿ ಕಡಿಮೆಯಾಯಿತೆಂದು ವೃಥಾ ಗಾಬರಿಗೊಳ್ಳುವನು. ಆದಕಾರಣ ಮಿತಿಯೊಡನೆ ಕಾಲಾವಧಿಯನ್ನೂ ವಿಧಿಸುವುದು ವಿವೇಕ. ಹತ್ತು ನಿಮಿಷ ಬಿಡದೆ ಹೊರೆ ಹೆಚ್ಚಿದ್ದರೆ ಮಾತ್ರ ಎಚ್ಚರಿಕೆ ಬರಲಿ. ಕ್ಷಣಕ್ಷಣಕ್ಕೂ ಕೂಗುವ ಗಂಟೆಗೆ ಯಾರೂ ಕಿವಿಗೊಡರು.

ಕೂಗಿಗಿಂತಲೂ ಅಪಾಯಕರವಾದುದು ಮೌನ. ದೂರದ ಯಂತ್ರವು ಪೂರ್ಣವಾಗಿ ನಿಂತುಹೋದಾಗ ಫಲಕದಲ್ಲಿ ಅಂಕೆಯ ಬದಲು 'ಅಲಭ್ಯ' ಎಂಬ ಸ್ಥಿತಿಯು ಕಾಣಿಸುವುದು. ಅಂಕೆಯು ಮಿತಿ ಮೀರಿದೆಯೇ ಎಂದಷ್ಟೇ ನೋಡುವ ಎಚ್ಚರಿಕೆಯು ಆಗ ಸುಮ್ಮನಿರುವುದು. ಮೌನವನ್ನು ಆರೋಗ್ಯವೆಂದು ಭಾವಿಸುವ ಭ್ರಾಂತಿಯು ಇಲ್ಲಿಯೇ ಹುಟ್ಟುತ್ತದೆ. ಅಲಭ್ಯತೆಗೆಂದೇ ಪ್ರತ್ಯೇಕ ಎಚ್ಚರಿಕೆಯನ್ನು ಏರ್ಪಡಿಸಬೇಕು. ಕಾವಲುಗಾರನೂ ಕಾಯಲ್ಪಡುವ ಯಂತ್ರವೂ ಒಂದೇ ಗಣಕದಲ್ಲಿರಲಾಗದು. ಎರಡೂ ಒಮ್ಮೆಗೇ ನಿಂತರೆ ಸುದ್ದಿಯನ್ನು ತರುವವರಿಲ್ಲ.

ಗ್ಲಾನ್ಸಸ್ ತಾನಾಗಿ ಗುಪ್ತಪದವನ್ನು ಕೇಳುವುದಿಲ್ಲ. ಅದನ್ನು ವಿಧಿಸುವುದು ಸ್ಥಾಪಿಸಿದವನ ಹೊಣೆ. ಆ ದ್ವಾರವನ್ನು ಅಂತರ್ಜಾಲಕ್ಕೆ ನೇರವಾಗಿ ತೆರೆದಿಡುವುದು, ಮನೆಯ ಒಳಗುಟ್ಟನ್ನು ಬೀದಿಯ ಗೋಡೆಯ ಮೇಲೆ ಬರೆದಂತೆ.

ಇವೆಲ್ಲಕ್ಕಿಂತ ಗಹನವಾದ ವಿಚಾರವೊಂದುಂಟು. ಗಣಕವು ಯಾವ ವೇಳೆಯಲ್ಲಿ ದುಡಿಯಿತೆಂಬುದನ್ನು ತಿಳಿದವನು, ಅದರ ಮುಂದೆ ಕುಳಿತವರು ಯಾವ ವೇಳೆಯಲ್ಲಿ ಎಚ್ಚರವಿದ್ದರೆಂಬುದನ್ನೂ ಊಹಿಸಬಲ್ಲನು. ಹೋಮ್ ಅಸಿಸ್ಟೆಂಟ್ ಈ ಸ್ಥಿತಿಗತಿಗಳ ವಿವರವನ್ನು ಸಾಮಾನ್ಯವಾಗಿ ಹತ್ತು ದಿನಗಳವರೆಗೆ ಕಾದಿರಿಸುತ್ತದೆ. ಯಂತ್ರದ ಆರೈಕೆಗೆಂದು ತೆರೆದ ಕಣ್ಣು ಹೀಗೆ ಮಗನ ಮೇಲೆ, ಸೊಸೆಯ ಮೇಲೆ, ಕಚೇರಿಯ ಗುಮಾಸ್ತನ ಮೇಲೆ ಬೇಹುಗಾರಿಕೆಯ ಕಣ್ಣಾಗಬಹುದು. ಆರೈಕೆಗೂ ಬೇಹುಗಾರಿಕೆಗೂ ಸಾಧನವೊಂದೇ, ಉದ್ದೇಶವು ಬೇರೆ. ಯಾವ ಯಂತ್ರವನ್ನು ಗಮನಿಸಲಾಗುತ್ತಿದೆಯೆಂಬುದು ಅದನ್ನು ಬಳಸುವವರೆಲ್ಲರಿಗೂ ಮೊದಲೇ ತಿಳಿದಿರಬೇಕು. ಹೇಳದೆ ನೋಡುವುದು ಕಳವಿಗೆ ಸಮಾನ.

ಗಣಕವಿದ್ಯೆಯನ್ನು ಕಲಿಯುತ್ತಿರುವ ವಿದ್ಯಾರ್ಥಿಗಳು ಈ ವ್ಯವಸ್ಥೆಯನ್ನು ಕಟ್ಟಲು ಕಲಿಯಲಿ. ಅದು ಉಪಯುಕ್ತವಾದ ಕಾಯಕವೇ. ಅದರ ಜೊತೆಗೆ ಯಾವುದನ್ನು ನೋಡಬೇಕು, ಯಾವುದನ್ನು ನೋಡದೆ ಬಿಡಬೇಕೆಂಬ ವಿವೇಕವನ್ನೂ ಕಲಿಯಲಿ. ಅಂಕೆಯನ್ನು ಯಂತ್ರವು ಕೊಡಬಲ್ಲದು. ಅಂಕೆಗೆ ಅಂಕೆಯನ್ನು ಹಾಕುವ ಶಕ್ತಿಯು ಮನುಷ್ಯನಲ್ಲಿಯೇ ಇರಬೇಕು.