ಮೊದಲ ಹಡಗಿನ ಪ್ರಯಾಣಕ್ಕೆ ಗಂಟು ಕಟ್ಟುವಾಗ

ಭೀಮಾಶಂಕರದಲ್ಲಿ ಹುಟ್ಟುವ ಭೀಮಾ ನದಿಗೆ ಅರಬ್ಬೀ ಸಮುದ್ರವು ಬಹು ಸಮೀಪ. ಆದರೂ ಅದು ಆ ಕಡಲಿಗೆ ಬೆನ್ನು ತಿರುಗಿಸಿ, ಭಂಡಾರಕವಠೆಯ ಸೀಮೆಯನ್ನು ಹಾದು, ರಾಯಚೂರು ಜಿಲ್ಲೆಯಲ್ಲಿ ಕೃಷ್ಣೆಯನ್ನು ಕೂಡಿ, ಬಂಗಾಳ ಕೊಲ್ಲಿಯ ದಾರಿ ಹಿಡಿಯುತ್ತದೆ. ಈ ದಂಡೆಯ ಜನರೂ ಬಹುಕಾಲ ಹಾಗೆಯೇ ಇದ್ದರು. ಹೊಳೆ ದಾಟುವ ಹರಗೋಲು ಗೊತ್ತು. ಆಗಬೋಟಿನ ವಿಷಯ ಮುಂಬೈಗೆ ದುಡಿಯಲು ಹೋದವರ ಬಾಯಿಂದ ಕೇಳಿದ್ದಷ್ಟೆ. ಈಗ ಮುಂಬೈಯಿಂದ ಗೋವಾ, ಲಕ್ಷದ್ವೀಪಗಳಿಗೆ ವಿಹಾರದ ಹಡಗುಗಳು ಹೊರಡುತ್ತವೆ. 1990ರಲ್ಲಿ ಫ್ರಾನ್ಸಿನಲ್ಲಿ ಕಟ್ಟಿದ ‘ಎಂಪ್ರೆಸ್’ ಎಂಬ ಹಡಗು 2021ರಿಂದ ಕಾರ್ಡೀಲಿಯಾ ಕಂಪನಿಯ ಹೆಸರಿನಲ್ಲಿ ಈ ಮಾರ್ಗದಲ್ಲಿ ಸಂಚರಿಸತೊಡಗಿತು. ಉದ್ದ ಸುಮಾರು 210 ಮೀಟರ್. ದೀಪಾವಳಿಯ ರಜೆಗೆ ಹೊರಟಿರುವ ಒಂದೆರಡು ಕುಟುಂಬಗಳು, ಏನೇನು ಕಟ್ಟಿಕೊಳ್ಳಬೇಕೆಂದು ಕೇಳಿವೆ. ಈ ವಾರದ ಅಂಕಣ ಅವರಿಗಾಗಿ.

ಮೊದಲು ಕಟ್ಟಬೇಕಾದದ್ದು ಬಟ್ಟೆಯನ್ನಲ್ಲ, ಕಾಗದಗಳನ್ನು. ನಮ್ಮ ಮಕ್ಕಳ ಹೆಸರು ಮೂರು ಲಿಪಿಗಳಲ್ಲಿ ಅಲೆಯುತ್ತದೆ. ಶಾಲೆಯ ದಾಖಲೆಯಲ್ಲಿ ಕನ್ನಡ, ಗ್ರಾಮಪಂಚಾಯತಿಯ ಜನನ ಪತ್ರದಲ್ಲಿ ಮರಾಠಿ, ಆಧಾರದಲ್ಲಿ ಇಂಗ್ಲಿಷ್. ಮನೆಯಲ್ಲಿ ಬಸವ್ವ, ಶಾಲೆಯಲ್ಲಿ ಬಸಮ್ಮ, ಆಧಾರದಲ್ಲಿ ಬಸವಾ. ಊರಿನ ಹೆಸರೇ ಅಡ್ಡಹೆಸರಾದವರಿಗಂತೂ ‘ಕವಠೆ’, ‘ಕವಟೆ’, ‘ಕವಠೇಕರ’ ಎಂಬ ಗೊಂದಲ. ಟಿಕೇಟಿನ ಮೇಲಿನ ಹೆಸರು ಗುರುತುಪತ್ರದ ಹೆಸರಿನೊಡನೆ ಅಕ್ಷರಕ್ಕೆ ಅಕ್ಷರ ಹೊಂದಬೇಕು. ಬಂದರಿನ ಬಾಗಿಲಲ್ಲಿ ಕುಳಿತವರು ಕನ್ನಡ ಬಲ್ಲವರಲ್ಲ. ಅವರ ಮುಂದೆ ಕನ್ನಡದ ಶಾಲಾ ಗುರುತುಪತ್ರವನ್ನು ಹಿಡಿದರೆ ಕೆಲಸವಾಗದು. ಆದ್ದರಿಂದ ಟಿಕೇಟು ಕೊಳ್ಳುವ ಮೊದಲೇ ಪ್ರತಿಯೊಬ್ಬರ ಆಧಾರ ಪತ್ರವನ್ನು ಮುಂದಿಟ್ಟುಕೊಂಡು ಹೆಸರು ಬರೆಸಿರಿ. ತಿದ್ದುಪಡಿ ಬೇಕಾದರೆ ಈಗಲೇ ಮಾಡಿಸಿರಿ. ಮುಖ್ಯಾಧ್ಯಾಪಕರಿಂದ ಇಂಗ್ಲಿಷಿನಲ್ಲಿ ಒಂದು ಬೋನಾಫೈಡ್ ಪತ್ರವನ್ನೂ ಪಡೆದಿಟ್ಟುಕೊಂಡರೆ ನಷ್ಟವಿಲ್ಲ. ತುಂಬು ಗರ್ಭಿಣಿಯರನ್ನೂ ಆರು ತಿಂಗಳು ತುಂಬದ ಕೂಸುಗಳನ್ನೂ ಹೆಚ್ಚಿನ ಕಂಪನಿಗಳು ಹಡಗು ಹತ್ತಿಸಿಕೊಳ್ಳುವುದಿಲ್ಲ ಎಂಬುದು ನೆನಪಿರಲಿ.

ಲಕ್ಷದ್ವೀಪಕ್ಕೆ ಹೋಗುವವರಿಗೆ ಇನ್ನೊಂದು ಕಾಗದ ಬೇಕು. ಭಾರತೀಯರಾದರೂ ದ್ವೀಪದವರಲ್ಲದವರು ಪ್ರವೇಶ ಪರವಾನಿಗೆ ಪಡೆಯಬೇಕೆಂಬುದು 1967ರ ನಿಯಮ. ಸಾಮಾನ್ಯವಾಗಿ ಕಂಪನಿಯೇ ಅದನ್ನು ಮಾಡಿಸುತ್ತದೆ, ಕೇಳಿ ಖಚಿತಪಡಿಸಿಕೊಳ್ಳಿರಿ. ಮಕ್ಕಳಿಗೆ ಹೇಳತಕ್ಕ ಮಾತೊಂದಿದೆ. ಆ ದ್ವೀಪಗಳಲ್ಲಿ ಅಮಿನಿ, ಕಡಮತ್ ಮೊದಲಾದ ಉತ್ತರದ ಗುಂಪು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಅದರ ಆಡಳಿತ ಮಂಗಳೂರಿನಿಂದ ನಡೆಯುತ್ತಿತ್ತು. ಆ ವರ್ಷದ ನವೆಂಬರ್ 1ರಂದು ಅವು ಕನ್ನಡ ಜಿಲ್ಲೆಯಿಂದ ಬೇರೆಯಾದವು. ಅದೇ ದಿನ ಭೀಮೆಯ ಆಚೆ ದಂಡೆಯ ವಿಜಾಪುರ ಜಿಲ್ಲೆ ಮೈಸೂರು ರಾಜ್ಯಕ್ಕೆ ಹೋಯಿತು. ಈಚೆ ದಂಡೆಯ ನಾವು ಮುಂಬೈ ರಾಜ್ಯದಲ್ಲಿಯೇ ಉಳಿದೆವು.

ಪ್ರಯಾಣದ ಸಮಯದ ಲೆಕ್ಕವನ್ನು ಕಟ್ಟುನಿಟ್ಟಾಗಿ ಹಾಕಬೇಕು. ಹಡಗು ಸಂಜೆ ಹೊರಡುವುದಾದರೂ ಬಾಗಿಲು ಅದಕ್ಕಿಂತ ಗಂಟೆಗಳ ಮೊದಲೇ ಮುಚ್ಚುತ್ತದೆ. ವಂದೇ ಭಾರತ್ ರೈಲು ಮುಂಬೈ ಮುಟ್ಟುವುದೇ ಮಧ್ಯಾಹ್ನ. ಅದು ತಡವಾದರೆ ಮುಂದಿನದೆಲ್ಲ ಕೈಬಿಟ್ಟಂತೆ. ರಾತ್ರಿಯ ಸಿದ್ಧೇಶ್ವರ ಎಕ್ಸ್‌ಪ್ರೆಸ್ ಹಿಡಿದರೆ ಬೆಳಿಗ್ಗೆ ಸಿ.ಎಸ್.ಎಂ.ಟಿ.ಯಲ್ಲಿ ಇಳಿಯಬಹುದು, ಅಲ್ಲಿಂದ ಬಲ್ಲಾರ್ಡ್ ಪಿಯರ್ ದೂರವಲ್ಲ. ವೃದ್ಧರಿದ್ದರೆ ಒಂದು ದಿನ ಮೊದಲೇ ಹೋಗಿ ತಂಗುವುದು ಇನ್ನೂ ಕ್ಷೇಮ.

ಗಂಟುಗಳು ಎರಡು ಬಗೆಯವಿರಬೇಕು. ದೊಡ್ಡ ಚೀಲವನ್ನು ಬಂದರಿನಲ್ಲಿ ಚೀಟಿ ಅಂಟಿಸಿ ಒಯ್ಯುತ್ತಾರೆ. ಅದು ಕೋಣೆಯನ್ನು ತಲುಪುವುದು ಕೆಲವು ಗಂಟೆಗಳ ನಂತರ. ಹೀಗಾಗಿ ಕಾಗದ, ಹಣ, ಕನ್ನಡಕ, ಒಂದು ಜೊತೆ ಬಟ್ಟೆ, ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡದ ಔಷಧಗಳು ಕೈಚೀಲದಲ್ಲಿಯೇ ಇರಬೇಕು. ಔಷಧ ಎರಡು ದಿನಕ್ಕೆ ಹೆಚ್ಚಾಗಿಯೇ ಇರಲಿ. ಕೋಣೆ ಬಹಳ ಚಿಕ್ಕದು. ಗಟ್ಟಿ ಪೆಟ್ಟಿಗೆಗಿಂತ ಮೆತ್ತನೆಯ ಚೀಲ ಮೇಲು, ಮಂಚದ ಕೆಳಗೆ ತಳ್ಳಬಹುದು. ಕೋಣೆಯ ಗೋಡೆಗಳು ಸಾಮಾನ್ಯವಾಗಿ ಉಕ್ಕಿನವು. ಆಯಸ್ಕಾಂತದ ನಾಲ್ಕು ಕೊಕ್ಕೆಗಳಿದ್ದರೆ ಒದ್ದೆ ಬಟ್ಟೆಗೂ ಟೊಪ್ಪಿಗೆಗೂ ಗೂಟ ದೊರೆತಂತಾಯಿತು. ಸೊಲ್ಲಾಪುರದವರು ಚಾದರ ಬಿಟ್ಟು ಹೊರಡಲಾರರು ಎಂಬುದನ್ನು ಬಲ್ಲೆ. ಒಂದೇ ಸಾಕು, ಹಾಸಿಗೆ, ಹೊದಿಕೆ, ಟವೆಲುಗಳೆಲ್ಲ ಅಲ್ಲಿರುತ್ತವೆ.

ಬಿಡಬೇಕಾದ ವಸ್ತುಗಳ ವಿಷಯದಲ್ಲಿ ಅಜ್ಜಿಯಂದಿರೊಡನೆ ಮನೆಯಲ್ಲಿಯೇ ಮಾತನಾಡಿ ಮುಗಿಸಿರಿ. ಹಡಗಿನಲ್ಲಿ ಬೆಂಕಿಯ ಭಯವೇ ದೊಡ್ಡ ಭಯ. ಊದಿನಕಡ್ಡಿ, ಕರ್ಪೂರ, ನಿರಂಜನಗಳನ್ನು ಕೋಣೆಯಲ್ಲಿ ಹಚ್ಚುವಂತಿಲ್ಲ. ವಿಭೂತಿಗೆ ಅಡ್ಡಿಯಿಲ್ಲ. ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕೆಟಲ್ ಬೇಡ. ಎಲೆಯಡಿಕೆಯ ಚಂಚಿಯೊಳಗಿನ ಅಡಕೊತ್ತು ಲೋಹತಪಾಸಣೆಯಲ್ಲಿ ಸಿಕ್ಕಿಬೀಳುತ್ತದೆ. ಅಡಿಕೆಯನ್ನು ಮನೆಯಲ್ಲಿಯೇ ಕತ್ತರಿಸಿಕೊಂಡು ಹೋಗುವುದು ಜಾಣತನ. ಮನೆಯ ಅಡಿಗೆಯನ್ನೂ ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ. ಕಡಕ್ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿಯನ್ನು ರೈಲಿನಲ್ಲಿ ಬಿಚ್ಚಿ, ಬಂದರಿನ ಹೊರಗೆ ಮುಗಿಸಿ ಕೈತೊಳೆದುಕೊಳ್ಳುವುದು ಒಳ್ಳೆಯದು. ಶೇಂಗಾ ಚಟ್ನಿಯನ್ನು ಕಸದ ಬುಟ್ಟಿಗೆ ಹಾಕುವ ಪಾಪ ಯಾರಿಗೂ ಬಾರದಿರಲಿ!

ಕಡಲು ಕಾಣದವರಿಗೆ ಮೊದಲ ರಾತ್ರಿ ತಲೆ ಸುತ್ತುವುದು ಸಹಜ. ವೈದ್ಯರನ್ನು ಕೇಳಿ ಅವೊಮಿನ್‌ನಂಥ ಮಾತ್ರೆಗಳನ್ನು ಇಟ್ಟುಕೊಳ್ಳಿರಿ. ವಾಂತಿ ಬಂದ ಮೇಲಲ್ಲ, ಹಡಗು ಹೊರಡುವ ಮೊದಲೇ ತೆಗೆದುಕೊಳ್ಳಬೇಕು. ಅದರಿಂದ ನಿದ್ದೆ ಬರುತ್ತದೆ. ಎರಡು ವರ್ಷದೊಳಗಿನ ಮಕ್ಕಳಿಗೆ ಕೊಡಲೇಬಾರದು. ಕೋಣೆ ಆರಿಸುವಾಗ ಹಡಗಿನ ನಡುಭಾಗದ ಕೆಳ ಅಂತಸ್ತು ಕೇಳಿರಿ, ಅಲ್ಲಿ ತೂಗಾಟ ಕಡಿಮೆ. ಹೊಟ್ಟೆ ತೀರ ಬರಿದಾಗಿಯೂ ಇರಬಾರದು, ತುಂಬಿಯೂ ಇರಬಾರದು. ಮೊಬೈಲನ್ನು ವಿಮಾನಸ್ಥಿತಿಯಲ್ಲಿಡಿರಿ, ದಂಡೆ ಬಿಟ್ಟ ಮೇಲೆ ಹಡಗಿನ ಸ್ವಂತ ಜಾಲಕ್ಕೆ ಅದು ತಾನಾಗಿ ಕೂಡಿಕೊಂಡರೆ ಬಿಲ್ಲು ಭಾರಿಯಾಗಿ ಬರುತ್ತದೆ.

ಇದುವರೆಗೆ ಹೇಳಿದ್ದರಲ್ಲಿ ಏನಾದರೂ ಮರೆತರೆ ಹಣ ಹೋದೀತು, ತೊಂದರೆಯಾದೀತು. ಮುಂದಿನದನ್ನು ಮಾತ್ರ ಮರೆಯಕೂಡದು. ಹಡಗು ಹತ್ತಿದ ಮೇಲೆ ಪ್ರತಿಯೊಬ್ಬರೂ ಸುರಕ್ಷತೆಯ ತಾಲೀಮಿನಲ್ಲಿ ಪಾಲ್ಗೊಳ್ಳಬೇಕು. ನಿಮ್ಮ ಗುಂಪು ಕೂಡುವ ಜಾಗಕ್ಕೆ ‘ಮಸ್ಟರ್ ಸ್ಟೇಶನ್’ ಎನ್ನುತ್ತಾರೆ. ಮಸ್ಟರ್ ಎಂದರೆ ರೋಜಗಾರ ಹಮಿಯ ಕೆಲಸದ ಹಾಜರಿಪಟ್ಟಿ ನಮಗೆ ನೆನಪಾಗುತ್ತದೆ. ಇಲ್ಲಿಯೂ ಅರ್ಥ ಅದೇ, ಎಲ್ಲರೂ ಬಂದರೋ ಇಲ್ಲವೋ ಎಂಬ ಲೆಕ್ಕ. 2012ರ ಜನವರಿ 13ರ ರಾತ್ರಿ ಇಟಲಿಯ ಜಿಲಿಯೊ ದ್ವೀಪದ ಬಳಿ ‘ಕೋಸ್ಟಾ ಕಾಂಕಾರ್ಡಿಯಾ’ ಬಂಡೆಗೆ ಬಡಿದು ವಾಲಿತು. ಅದರಲ್ಲಿ ಸುಮಾರು 4,200 ಜನರಿದ್ದರು. 32 ಮಂದಿ ಸತ್ತರು. ಅಂದು ಸಂಜೆ ಹತ್ತಿದವರಿಗೆ ತಾಲೀಮೇ ಆಗಿರಲಿಲ್ಲ, ಏಕೆಂದರೆ ಆಗಿನ ನಿಯಮ 24 ಗಂಟೆಗಳ ಅವಕಾಶ ಕೊಟ್ಟಿತ್ತು. 2015ರಿಂದ ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಅದನ್ನು ನಡೆಸಬೇಕೆಂದಾಗಿದೆ. ನಮ್ಮ ಕರಾವಳಿಯಲ್ಲಿಯೂ 1947ರ ಜುಲೈ 17ರಂದು ಮುಂಬೈಯಿಂದ ರೇವಸಕ್ಕೆ ಹೊರಟ ‘ರಾಮದಾಸ’ ಆಗಬೋಟು ಮಳೆಗಾಲದ ಅಲೆಗೆ ಮಗುಚಿ ಆರುನೂರಕ್ಕೂ ಹೆಚ್ಚು ಜನ ಮುಳುಗಿದರು.

ತಾಲೀಮಿನ ಸೂಚನೆಗಳು ಇಂಗ್ಲಿಷಿನಲ್ಲಿ, ಹೆಚ್ಚೆಂದರೆ ಹಿಂದಿಯಲ್ಲಿ ಬರುತ್ತವೆ. ಗದ್ದಲದಲ್ಲಿ ನಮ್ಮ ಹಿರಿಯರಿಗೆ ಅವು ತಿಳಿಯುವುದಿಲ್ಲ, ತಲೆಯಾಡಿಸಿ ಸುಮ್ಮನಾಗುತ್ತಾರೆ. ಆದ್ದರಿಂದ ಊರು ಬಿಡುವ ಮೊದಲೇ, ಮನೆಯ ಪಡಸಾಲೆಯಲ್ಲಿ ಕುಳಿತು, ಕನ್ನಡದಲ್ಲಿ ಹೇಳಿರಿ: ಏಳು ಸಲ ಚಿಕ್ಕದಾಗಿ, ಒಂದು ಸಲ ಉದ್ದವಾಗಿ ಭೋಂಗಾ ಕೂಗಿದರೆ ಅಪಾಯ. ಗಂಟು ಹುಡುಕಕೂಡದು, ಲಿಫ್ಟ್ ಹತ್ತಕೂಡದು, ಮೆಟ್ಟಿಲಿನಿಂದಲೇ ಆ ಜಾಗಕ್ಕೆ ಹೋಗಬೇಕು. ಮಕ್ಕಳೇ ಬಾಯಿಂದ ಭೋಂಗಾ ಕೂಗಿ ಅಜ್ಜ ಅಜ್ಜಿಯರಿಗೆ ಕಲಿಸಲಿ. ಹಡಗಿನಲ್ಲಿ ಜಾಗ ಗೊತ್ತಾದೊಡನೆ ಅದರ ಅಕ್ಷರ ಅಥವಾ ಅಂಕೆಯನ್ನು ಕನ್ನಡದಲ್ಲಿ ಚೀಟಿಯ ಮೇಲೆ ಬರೆದು ಅವರ ಕಿಸೆಯಲ್ಲಿಡಿರಿ. ಸೀರೆಯ ಮೇಲೆ ಜೀವರಕ್ಷಕ ಅಂಗಿಯನ್ನು ಕಟ್ಟಿಕೊಳ್ಳುವುದನ್ನೂ ಒಮ್ಮೆ ಮಾಡಿಸಿ ನೋಡಿರಿ. ಸೆರಗು ಒಳಗೇ ಉಳಿಯಬೇಕು.

ಕೊನೆಯ ರಾತ್ರಿ ದೊಡ್ಡ ಚೀಲಗಳನ್ನು ಕೋಣೆಯ ಹೊರಗಿಡಲು ಹೇಳುತ್ತಾರೆ. ಅವನ್ನು ಕೆಳಗೆ ಒಯ್ದುಬಿಡುತ್ತಾರೆ. ಮರುದಿನ ಉಡುವ ಬಟ್ಟೆ ಮತ್ತು ಚಪ್ಪಲಿಗಳನ್ನು ಅದಕ್ಕೂ ಮೊದಲು ತೆಗೆದಿಟ್ಟುಕೊಳ್ಳಿರಿ.